ಶೋಪ್ಯಾನನ ಮೂರನೆಯ ಕೃತಿ: ಬೆಡಗೂ ಮರ್ಯಾದೆಯೂ

ಮಮ್ಮಟನು ತನ್ನ ಕಾವ್ಯಪ್ರಕಾಶದಲ್ಲಿ ಕಾವ್ಯವನ್ನು ಉತ್ತಮ, ಮಧ್ಯಮ, ಅವರ ಎಂದು ಮೂರು ತೆರನಾಗಿ ವಿಭಾಗಿಸಿ, ಸ್ಫುಟವಾದ ವ್ಯಂಗ್ಯಾರ್ಥವಿಲ್ಲದೆ ಶಬ್ದದ ಇಲ್ಲವೆ ಅರ್ಥದ ಚಮತ್ಕಾರವೊಂದರಿಂದಲೇ ನಿಂತಿರುವ ಚಿತ್ರಕಾವ್ಯವನ್ನು ಕಡೆಯ ಮೆಟ್ಟಿಲಿನಲ್ಲಿ ಕುಳ್ಳಿರಿಸಿದನು. ಅವನಿಗಿಂತ ಮೊದಲೇ ಆನಂದವರ್ಧನನು ಇನ್ನೂ ಕಠೋರನಾಗಿ, ಅದು ಕಾವ್ಯವೇ ಅಲ್ಲ, ಕಾವ್ಯದ ಅನುಕರಣೆ ಮಾತ್ರ ಎಂದು ತೀರ್ಪಿತ್ತಿದ್ದನು. ಆದರೂ ಭಾರವಿಯು ಕಿರಾತಾರ್ಜುನೀಯದ ಹದಿನೈದನೆಯ ಸರ್ಗದಲ್ಲಿಯೂ ಮಾಘನು ಶಿಶುಪಾಲವಧದ ಹತ್ತೊಂಬತ್ತನೆಯ ಸರ್ಗದಲ್ಲಿಯೂ ಚಿತ್ರಬಂಧಗಳ ಮಳೆಯನ್ನೇ ಕರೆದಿರುವರು. ಆ ಸರ್ಗಗಳನ್ನು ಗುರುಮುಖವಾಗಿ ಓದಿದ ಯಾವ ವಿದ್ಯಾರ್ಥಿಯೂ ಅವುಗಳಿಂದ ತನಗೆ ಸಂತೋಷವೇ ಆಗಲಿಲ್ಲವೆಂದು ಪ್ರಮಾಣಮಾಡಿ ಹೇಳಲಾರನು. ಶಾಸ್ತ್ರವು ಕೆಳಗಿರಿಸಿದುದನ್ನು ರಸಿಕನ ಕಿವಿಯು ಮೇಲೆತ್ತಿಕೊಳ್ಳುವ ಈ ವಿಚಿತ್ರವು ಕಾವ್ಯಕ್ಕೆ ಮಾತ್ರ ಸಂಬಂಧಿಸಿದುದಲ್ಲ. ಐರೋಪ್ಯ ಸಂಗೀತದಲ್ಲಿಯೂ ಇದೇ ವಿವಾದವುಂಟು. ಅದನ್ನು ಒಂದು ಚಿಕ್ಕ ಕೃತಿಯನ್ನು ಮುಂದಿಟ್ಟುಕೊಂಡು ವಿಚಾರಮಾಡುವುದು ಈ ಲೇಖನದ ಉದ್ದೇಶ.

ಆ ಕೃತಿಯು ಪೋಲೆಂಡ್ ದೇಶದ ಫ್ರೆಡೆರಿಕ್ ಶೋಪ್ಯಾನನದು. ಚೆಲ್ಲೋ ಮತ್ತು ಪಿಯಾನೋ ಎಂಬ ಎರಡು ವಾದ್ಯಗಳಿಗಾಗಿ ರಚಿತವಾದುದು; ಅವನ ಮುದ್ರಿತ ಕೃತಿಗಳ ಎಣಿಕೆಯಲ್ಲಿ ಮೂರನೆಯದು. 'ಪೀಠಿಕೆ ಮತ್ತು ಬೆಡಗಿನ ಪೊಲೊನೇಸ್' ಎಂದು ಅದರ ಹೆಸರನ್ನು ಕನ್ನಡಿಸಬಹುದು. ನುಡಿಸಲು ಹಿಡಿಯುವ ಕಾಲ ಸುಮಾರು ಒಂಬತ್ತು ನಿಮಿಷಗಳು. ಇಷ್ಟು ಸಣ್ಣದಕ್ಕೆ ಇಷ್ಟು ದೊಡ್ಡ ಪೀಠಿಕೆಯೇಕೆಂದು ವಾಚಕರು ಕೇಳಬಹುದು. ಈ ಕೃತಿಯನ್ನು ಮೊಟ್ಟಮೊದಲು ಹಳಿದವನು ಬೇರೆ ಯಾರೂ ಅಲ್ಲ, ಅದನ್ನು ಬರೆದವನೇ ಆಗಿರುವುದರಿಂದ, ವಿಮರ್ಶಕನ ಕೆಲಸವು ಇಲ್ಲಿ ಸ್ವಲ್ಪ ತೊಡಕಿನದಾಗಿದೆ. ಕವಿಯು ತನ್ನ ಕಾವ್ಯವನ್ನು ಹೊಗಳಿಕೊಂಡರೆ ನಾವು ನಂಬುವುದಿಲ್ಲ. ತೆಗಳಿಕೊಂಡರೆ ಕೂಡಲೇ ನಂಬಿಬಿಡುತ್ತೇವೆ. ಎರಡನೆಯದಕ್ಕೆ ಮಾತ್ರ ಅಷ್ಟು ಪ್ರಾಮಾಣ್ಯವೇಕೆ ಎಂಬುದು ನಮ್ಮ ಪ್ರಶ್ನೆ.

ಕೃತಿಯ ಹುಟ್ಟಿನ ಸಂಗತಿ ಹೀಗಿದೆ. 1829ನೆಯ ಇಸವಿಯಲ್ಲಿ ಶೋಪ್ಯಾನನಿಗೆ ಹತ್ತೊಂಬತ್ತು ವರ್ಷ. ಆ ವರ್ಷದ ಬೇಸಗೆಯಲ್ಲಿ ವಾರ್ಸಾ ನಗರದ ಸಂಗೀತಶಾಲೆಯಲ್ಲಿ ಎಲ್ಸ್‌ನರ್ ಎಂಬ ಉಪಾಧ್ಯಾಯನ ಬಳಿಯಲ್ಲಿ ವ್ಯಾಸಂಗವನ್ನು ಮುಗಿಸಿ, ಆಗಸ್ಟ್ ತಿಂಗಳಿನಲ್ಲಿ ವಿಯೆನ್ನಾಕ್ಕೆ ಹೋಗಿ ಎರಡು ಕಚೇರಿಗಳನ್ನು ಮಾಡಿ ಮೆಚ್ಚುಗೆಯನ್ನು ಗಳಿಸಿ ಬಂದಿದ್ದನು. ಅಕ್ಟೋಬರಿನಲ್ಲಿ ಆಂಟೊನಿನ್ ಎಂಬಲ್ಲಿದ್ದ ರಾಜಕುಮಾರ ಆಂಟೊನಿ ರಾಡ್ಜಿವಿಲ್ಲನ ಬೇಟೆಯ ಮನೆಯಲ್ಲಿ ಅತಿಥಿಯಾಗಿ ಕೆಲವು ದಿನ ಇದ್ದನು. ಈ ರಾಜಕುಮಾರನು ಸಾಮಾನ್ಯನಲ್ಲ. ಪೋಲೆಂಡಿನ ಹಳೆಯ ಮನೆತನದವನು; ಪ್ರಷ್ಯಾದ ಮಹಾ ಫ್ರೆಡೆರಿಕನ ತಮ್ಮನ ಮಗಳನ್ನು ಮದುವೆಯಾದವನು; 1815ರಿಂದ ಪೋಜ್ನಾನ್ ಸಂಸ್ಥಾನದಲ್ಲಿ ಪ್ರಷ್ಯಾದ ದೊರೆಯ ಪ್ರತಿನಿಧಿಯಾಗಿದ್ದವನು. ಜರ್ಮನಿಯ ಮಹಾಕವಿ ಗಯಟೆಯ ಫೌಸ್ಟ್ ನಾಟಕಕ್ಕೆ ಸಂಗೀತವನ್ನು ರಚಿಸಿದನು. ಬೀಥೋವನ್ ತನ್ನ ನೂರಹದಿನೈದನೆಯ ಕೃತಿಯನ್ನು ಅವನಿಗೆ ಅರ್ಪಿಸಿರುವನು. ಇವೆಲ್ಲಕ್ಕಿಂತ ನಮ್ಮ ಪ್ರಕೃತಕ್ಕೆ ಮುಖ್ಯವಾದುದೇನೆಂದರೆ, ಅವನು ತಾನೇ ಚೆಲ್ಲೋವನ್ನು ನುಡಿಸಬಲ್ಲವನಾಗಿದ್ದನು. ಅವನ ಮಗಳು ವಾಂಡಾ ಪಿಯಾನೋ ಕಲಿಯುತ್ತಿದ್ದಳು.

ಆಳುವವರು ಸಂಗೀತವನ್ನು ಪೋಷಿಸುವುದು ಒಂದು. ತಾವೇ ಅಭ್ಯಾಸಮಾಡುವುದು ಬೇರೊಂದು. ಎರಡೂ ಕೂಡಿದ ಉದಾಹರಣೆಯು ನಮ್ಮ ನಾಡಿಗೂ ಅಪರಿಚಿತವಲ್ಲ. ಮೈಸೂರಿನ ಅರಸರಾಗಿದ್ದ ಶ್ರೀ ಜಯಚಾಮರಾಜ ಒಡೆಯರವರು ಕೀರ್ತನೆಗಳನ್ನು ರಚಿಸಿದ ವಾಗ್ಗೇಯಕಾರರಾಗಿದ್ದುದಲ್ಲದೆ ಪಿಯಾನೋ ವಿದ್ಯೆಯಲ್ಲಿ ಪರಿಶ್ರಮವುಳ್ಳವರಾಗಿದ್ದರು. ಮೆಟ್ನರ್ ಎಂಬ ರಷ್ಯಾದ ಸಂಗೀತಕಾರನ ಕೃತಿಗಳು ಧ್ವನಿಮುದ್ರಿತವಾಗಿ ಉಳಿಯುವಂತೆ 1940ರ ದಶಕದ ಕೊನೆಯಲ್ಲಿ ದ್ರವ್ಯಸಹಾಯ ಮಾಡಿದರು. ಆ ಕಲಾವಿದನು ತನ್ನ ಮೂರನೆಯ ಪಿಯಾನೋ ಕಾನ್ಸರ್ಟೋವನ್ನು ಅವರಿಗೆ ಅರ್ಪಿಸಿದನು. ತಾನೂ ವಿದ್ಯೆಯನ್ನು ಬಲ್ಲ ಪ್ರಭುವಿನ ಎದುರಿನಲ್ಲಿ ಕುಳಿತು ಬರೆಯುವ ಕಲಾವಿದನ ಮನಸ್ಸು, ಬರಿಯ ಹಣವಂತನ ಎದುರಿನಲ್ಲಿ ಕುಳಿತವನ ಮನಸ್ಸಿನಂತಿರುವುದಿಲ್ಲ. ಈ ಮಾತನ್ನು ಮುಂದಕ್ಕೆ ನೆನಪಿನಲ್ಲಿಡಬೇಕು.

ಆಂಟೊನಿನ್ನಿನ ಆ ಮನೆಯು ಇಂದಿಗೂ ನಿಂತಿದೆ. ಶಿಂಕೆಲ್ ಎಂಬ ಪ್ರಸಿದ್ಧ ಪ್ರಷ್ಯನ್ ಶಿಲ್ಪಿಯು 1820ರ ದಶಕದ ಮೊದಲಲ್ಲಿ ಅದನ್ನು ಮರದಿಂದ ಕಟ್ಟಿಸಿದನು. ನಡುವೆ ಎಂಟು ಮೂಲೆಯ ದೊಡ್ಡ ಹಜಾರ. ಅದರಿಂದ ನಾಲ್ಕು ದಿಕ್ಕಿಗೆ ಚಾಚಿದ ನಾಲ್ಕು ತೊಟ್ಟಿಗಳು. ಹಜಾರದ ಮಧ್ಯದಲ್ಲಿ ಬೆಂಕಿಯ ಗೂಡನ್ನೊಳಗೊಂಡ ಒಂದೇ ಒಂದು ಮಹಾಸ್ತಂಭ. ಅದರ ಮೇಲೆಲ್ಲ ಬೇಟೆಯಾಡಿದ ಜಿಂಕೆಗಳ ಕೊಂಬುಗಳು. ಅಂಥ ಮನೆಯಲ್ಲಿ, ಶರತ್ಕಾಲದ ಚಳಿಯಲ್ಲಿ, ಐವತ್ತನ್ನು ದಾಟಿದ ಗೃಹಸ್ಥನು ಚೆಲ್ಲೋವನ್ನೂ ಅವನ ಮಗಳು ಪಿಯಾನೋವನ್ನೂ ನುಡಿಸಲೆಂದು ಈ ಪೊಲೊನೇಸ್ ಹುಟ್ಟಿತು. ಪೀಠಿಕೆಯು ಆಗ ಇರಲಿಲ್ಲ. ಅದನ್ನು ಅವನು 1830ರ ಏಪ್ರಿಲ್ ತಿಂಗಳಲ್ಲಿ, ವಾರ್ಸಾದ ಒಂದು ಗೋಷ್ಠಿಗಾಗಿ, ಕಚಿನ್‌ಸ್ಕಿ ಎಂಬ ಚೆಲ್ಲೋ ವಾದಕನನ್ನು ಮನಸ್ಸಿನಲ್ಲಿಟ್ಟುಕೊಂಡು ಸೇರಿಸಿದನು. 1831ರಲ್ಲಿ ವಿಯೆನ್ನಾದ ಮೆಚೆಟ್ಟಿ ಎಂಬ ಪ್ರಕಾಶಕನು ಎರಡನ್ನೂ ಕೂಡಿಸಿ ಅಚ್ಚುಹಾಕಿದನು. ಆಗ ಅರ್ಪಣೆಯಾದುದು ರಾಜಕುಮಾರನಿಗಲ್ಲ, ಜೋಸೆಫ್ ಮೆರ್ಕ್ ಎಂಬ ವಿಯೆನ್ನಾದ ಚೆಲ್ಲೋ ವಿದ್ವಾಂಸನಿಗೆ. ರಾಜಕುಮಾರನಿಗೆ ಶೋಪ್ಯಾನನು ಅದಕ್ಕಿಂತ ಗಂಭೀರವಾದ ಎಂಟನೆಯ ಕೃತಿಯನ್ನು, ಪಿಯಾನೋ, ಪಿಟೀಲು, ಚೆಲ್ಲೋಗಳ ತ್ರಯವನ್ನು, ಅರ್ಪಿಸಿರುವನು.

ಈಗ ಆ ನಿಂದೆಯ ವಿಷಯ. 1829ರ ನವೆಂಬರಿನಲ್ಲಿ ಶೋಪ್ಯಾನನು ತನ್ನ ಆಪ್ತಮಿತ್ರನಾದ ಟೈಟಸನಿಗೆ ಬರೆದ ಕಾಗದದಲ್ಲಿ ಈ ಕೃತಿಯ ಪ್ರಸ್ತಾಪ ಬರುತ್ತದೆ. ಇದರಲ್ಲಿ ಥಳಕಿಗಿಂತ ಹೆಚ್ಚೇನೂ ಇಲ್ಲ, ದಿವಾನಖಾನೆಯಲ್ಲಿ ಹೆಂಗಸರಿಗೆ ಹಿಡಿಸತಕ್ಕುದು ಅಷ್ಟೆ, ವಾಂಡಾ ಕಲಿಯಲೆಂದು ಬರೆದೆನು ಎಂಬುದು ಅದರ ತಾತ್ಪರ್ಯ. ಆ ಕಾಗದವನ್ನೇ ಆಧಾರವಾಗಿ ಹಿಡಿದು ಹಲವರು ಈ ಕೃತಿಯನ್ನು ಶೋಪ್ಯಾನನ ಚರಿತ್ರೆಯಲ್ಲಿ ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ಹತ್ತೊಂಬತ್ತು ವರ್ಷದ ಹುಡುಗನು ತನ್ನ ಗೆಳೆಯನಿಗೆ ಬರೆದ ಕಾಗದವು ಅಲಂಕಾರಶಾಸ್ತ್ರವಲ್ಲ. ಅಂಥ ವಯಸ್ಸಿನಲ್ಲಿ, ಅಂಥ ಗೆಳೆಯನ ಮುಂದೆ, ತಾನು ರಾಜಮನೆಯ ತಿಂಡಿತೀರ್ಥಕ್ಕೆ ಮರುಳಾಗಲಿಲ್ಲವೆಂದು ತೋರಿಸಿಕೊಳ್ಳುವ ಆಸೆ ಇರುವುದು ಸಹಜ. ಆ ವಾಕ್ಯದ ಬೆನ್ನಿನಲ್ಲೇ ಬರುವ ಮಾತು ಇನ್ನೂ ಸ್ವಾರಸ್ಯವಾಗಿದೆ: ಆ ಹುಡುಗಿಗೆ ತಾನು ಪಾಠ ಹೇಳಿದೆನೆಂಬ ಹೆಸರು ತನಗೆ ಬರಲೆಂದು ಅವನಿಗೆ ಇಚ್ಛೆ. ಬಹುಕಾಲ ಪಾಠ ಹೇಳಿ ವಿಶ್ರಾಂತಿ ಪಡೆದಿರುವವರಿಗೆ ಈ ಇಚ್ಛೆಯ ಸ್ವರೂಪವು ಚೆನ್ನಾಗಿ ತಿಳಿದಿದೆ. ಶಿಷ್ಯೆಯು ಸಭೆಯಲ್ಲಿ ಮೆರೆಯಲೆಂದು ಕಷ್ಟವಾದ ಪದ್ಯವನ್ನೇ ಆರಿಸಿಕೊಡುವ ಗುರುವು ಲೋಕದಲ್ಲಿ ದುರ್ಲಭನಲ್ಲ. ಅದೂ ಅಲ್ಲದೆ, ಕೇವಲ ಥಳಕೆಂದು ತಾನು ನಿಜವಾಗಿ ತಿಳಿದಿದ್ದರೆ, ಐದಾರು ತಿಂಗಳ ಮೇಲೆ ಅದಕ್ಕೊಂದು ಪೀಠಿಕೆಯನ್ನು ಕಟ್ಟಿ, ನುಡಿಸಿ ನೋಡಿ, ಪರವಾಗಿಲ್ಲವೆಂದು ಅದೇ ಮಿತ್ರನಿಗೆ ಬರೆಯುವ ಶ್ರಮವನ್ನು ಅವನೇಕೆ ತೆಗೆದುಕೊಂಡನು? ಅಚ್ಚಿಗೇಕೆ ಕೊಟ್ಟನು? ಮಾಡಿದ ಕೆಲಸವು ಆಡಿದ ಮಾತಿಗಿಂತ ಬಲವತ್ತರವಾದ ಪ್ರಮಾಣ.

ವಾದ್ಯಗಳ ವಿಚಾರವಾಗಿ ಎರಡು ಮಾತು ಹೇಳದೆ ಮುಂದುವರಿಯುವಂತಿಲ್ಲ. ಚೆಲ್ಲೋ ಎಂಬುದು ಪಿಟೀಲಿನ ಕುಲದ್ದೇ ಆದರೂ ಆಕಾರದಲ್ಲಿ ಬಹಳ ದೊಡ್ಡದು. ಕುರ್ಚಿಯ ಮೇಲೆ ಕುಳಿತು ಮೊಳಕಾಲುಗಳ ನಡುವೆ ನಿಲ್ಲಿಸಿಕೊಂಡು ಕಮಾನಿನಿಂದ ನುಡಿಸತಕ್ಕುದು. ನಾಲ್ಕು ತಂತಿಗಳು, ಒಂದರಿಂದ ಒಂದಕ್ಕೆ ಪಂಚಮದ ಅಂತರ. ಅದರ ದನಿಯು ಗಂಡಸಿನ ಕಂಠದ ಎಲ್ಲ ನೆಲೆಗಳನ್ನೂ ಒಳಗೊಂಡು, ಮೇಲಕ್ಕೆ ಹೋದಾಗ ಹೆಂಗಸಿನ ಕಂಠವನ್ನೂ ಮುಟ್ಟುತ್ತದೆ. ಈಗ ವಾದ್ಯದ ಅಡಿಯಲ್ಲಿ ನೆಲಕ್ಕೆ ಊರುವ ಲೋಹದ ಮುಳ್ಳೊಂದಿರುವುದನ್ನು ಎಲ್ಲರೂ ಕಾಣಬಹುದು. ಶೋಪ್ಯಾನನ ಎಳೆವಯಸ್ಸಿನಲ್ಲಿ ಅದು ರೂಢಿಯಲ್ಲಿರಲಿಲ್ಲ, ವಾದಕನು ಕಾಲುಗಳ ಹಿಡಿತದಿಂದಲೇ ವಾದ್ಯವನ್ನು ಎತ್ತಿ ಹಿಡಿಯಬೇಕಾಗಿತ್ತು. ಪಿಯಾನೋವಾದರೋ ಮನೆಮನೆಗಳಲ್ಲಿ ಕಂಡಿರುವ ಹಾರ್ಮೋನಿಯಂನಂತೆ ಮಣೆಗಳಿಂದ ನುಡಿಸುವ ವಾದ್ಯವೇ ಆದರೂ ಒಳಗೆ ಗಾಳಿಯಿಲ್ಲ. ಸಣ್ಣ ಸುತ್ತಿಗೆಗಳು ತಂತಿಗಳನ್ನು ಹೊಡೆಯುತ್ತವೆ. ಹೊಡೆದ ಸ್ವರವು ಹುಟ್ಟಿದ ಕ್ಷಣದಿಂದಲೇ ಸಾಯತೊಡಗುತ್ತದೆ. ಚೆಲ್ಲೋದ ಸ್ವರವು ಹಾಗಲ್ಲ. ಹುಟ್ಟಿದ ಮೇಲೆ ಬೆಳೆಯಬಲ್ಲುದು, ಕಮಾನು ಇರುವ ತನಕ ಬಾಳಬಲ್ಲುದು. ಒಂದಕ್ಕೆ ಬಾಳಿಕೆ, ಇನ್ನೊಂದಕ್ಕೆ ಚುರುಕು. ಈ ಎರಡು ಸ್ವಭಾವಗಳ ವಿರೋಧವೇ ಈ ಕೃತಿಯ ಬಂಡವಾಳ.

ಪೀಠಿಕೆಯು ವಿಳಂಬಗತಿಯದು. ಚೆಲ್ಲೋ ನೀಳವಾದ, ಹಾಡುವಂಥ ಮಾತುಗಳನ್ನು ಆಡುತ್ತದೆ; ಆ ಮಾತುಗಳ ನಡುನಡುವೆ ಪಿಯಾನೋ ಸಣ್ಣ ಸ್ವರಗಳ ಸರಗಳನ್ನು ಎಸೆಯುತ್ತದೆ. ನಮ್ಮವರು ಇದನ್ನು ಕೇಳಿದೊಡನೆ ಆಲಾಪನೆಯೆಂದು ಹೆಸರಿಡಲು ಆತುರಪಡಬಾರದು. ಆಲಾಪನೆಯಲ್ಲಿ ಗಾಯಕನು ರಾಗದ ಸ್ವರೂಪವನ್ನು ಆ ಹೊತ್ತಿನಲ್ಲಿ ತಾನೇ ಕಟ್ಟುತ್ತಾ ಹೋಗುತ್ತಾನೆ. ಇಲ್ಲಿ ಒಂದೊಂದು ಸ್ವರವೂ ಕಾಗದದ ಮೇಲೆ ಬರೆದು ನಿಶ್ಚಯವಾದುದು. ಹೀಗೆ ನಿಶ್ಚಯವಾದುದನ್ನು ಆ ಕ್ಷಣದಲ್ಲಿ ತೋಚಿದಂತೆ ಕೇಳಿಸುವುದೇ ಇಲ್ಲಿನ ಕೌಶಲ. ಅವಸರವಿಲ್ಲದ ಹಿರಿಯನೊಬ್ಬನು ಮಾತನಾಡುತ್ತಿರುವಾಗ ಕಿರಿಯನು ನಡುವೆ ಬಾಯಿಹಾಕದೆ, ಆದರೆ ಸುಮ್ಮನೆ ಕೂಡಿರಲೂ ಆರದೆ, ಹಿರಿಯನು ಉಸಿರೆಳೆದುಕೊಳ್ಳುವ ಹೊತ್ತಿನಲ್ಲಿ ತನ್ನ ಚತುರೋಕ್ತಿಯನ್ನು ತೂರಿಸುವಂತೆ ಈ ಭಾಗವು ನಡೆಯುತ್ತದೆ. ರಚನೆಯ ದೃಷ್ಟಿಯಿಂದ ಕೃತಿಯಲ್ಲೆಲ್ಲ ಇದೇ ಶ್ರೇಷ್ಠವಾದ ಭಾಗವೆಂದು ನಮ್ಮ ಮತ. ಆರು ತಿಂಗಳಲ್ಲಿ ಹುಡುಗನ ಕೈ ಎಷ್ಟು ಪಕ್ವವಾಯಿತೆಂಬುದನ್ನು ಪೀಠಿಕೆಯನ್ನೂ ಅದಕ್ಕಿಂತ ಹಿಂದೆ ಬರೆದ ಪೊಲೊನೇಸನ್ನೂ ಒಂದರ ಪಕ್ಕದಲ್ಲೊಂದಿಟ್ಟು ನೋಡಿದರೆ ತಿಳಿಯಬಹುದು.

ಪೊಲೊನೇಸ್ ಎಂಬುದು ಪೋಲೆಂಡಿನ ನೃತ್ಯ. ಕುಣಿತವೆನ್ನುವುದಕ್ಕಿಂತ ಮೆರವಣಿಗೆಯೆಂದರೆ ಒಪ್ಪುವುದು. ಪ್ರಭುಗಳ ಮನೆಯಲ್ಲಿ ಔತಣವಾದ ಮೇಲೆ ನೃತ್ಯಗಳ ಆರಂಭದಲ್ಲಿ, ಜೋಡಿಜೋಡಿಯಾಗಿ ಸಾಲುಗೊಂಡು ಹಜಾರವನ್ನು ಸುತ್ತಿಬರುವುದು ಅದರ ಕ್ರಮ. ತಾಳವು ಮೂರೆಣಿಕೆಯದು. ಮೊದಲೆಣಿಕೆಯಲ್ಲಿ ಒಂದು ಅರೆಯೂ ಎರಡು ಕಾಲೂ, ಉಳಿದೆರಡು ಎಣಿಕೆಗಳಲ್ಲಿ ನಾಲ್ಕು ಅರೆಗಳೂ ಬರುವುದು ಅದರ ಜಾತಿಲಕ್ಷಣ. ಸಾಲು ಮುಗಿಯುವಾಗಲೂ ಮೊದಲ ಬಲವಾದ ಪೆಟ್ಟಿನ ಮೇಲೆ ನಿಲ್ಲದೆ, ಮೆಲ್ಲನೆಯ ಎಣಿಕೆಗೆ ಜಾರಿ ನಿಲ್ಲುವುದುಂಟು. ನಡೆಯುವವನು ತಲೆಬಾಗಿಸಿ ವಂದಿಸಿದಂತೆ. ಈ ಕೃತಿಯ ಪೊಲೊನೇಸಿನಲ್ಲಿ ಮುಖ್ಯವಾದ ವಸ್ತುವನ್ನು ಚೆಲ್ಲೋ ಎತ್ತಿಕೊಳ್ಳುತ್ತದೆ. ಪಿಯಾನೋ ಆ ತಾಳದ ನೆಲೆಯನ್ನು ಹಾಕಿಕೊಡುತ್ತದೆ. ಅನಂತರ ಪಿಯಾನೋ ಅದೇ ವಸ್ತುವನ್ನು ತಾನು ತೆಗೆದುಕೊಂಡು ಗಿಲೀಟು ಹಾಕಿ ಹಿಂದಿರುಗಿಸುತ್ತದೆ. ಬೇರೆ ಬೇರೆ ಪ್ರಸಂಗಗಳು ಬಂದುಹೋಗುತ್ತವೆ. ವಸ್ತುವು ಮರಳಿ ಬರುತ್ತದೆ. ಕಡೆಗೆ ವೇಗವೂ ಸದ್ದೂ ಹೆಚ್ಚಿ ಮುಕ್ತಾಯವಾಗುತ್ತದೆ. ದೋಷಗಳೂ ಇಲ್ಲದಿಲ್ಲ. ಪಿಯಾನೋದ ಓಟಗಳಲ್ಲಿ ಕೆಲವು ಹುಮ್ಮೆಲ್ ಮೊದಲಾದ ಅಂದಿನ ಬೆಡಗಿನ ಶೈಲಿಯವರ ಅಂಗಡಿಯಿಂದ ತಂದವು. ಶೋಪ್ಯಾನನ ಸ್ವಂತ ನೇಯ್ಗೆಯಲ್ಲ. ಕಡೆಯ ಪುಟದಲ್ಲಿ ಮುಗಿಯಿತೆಂದು ಎರಡು ಸಲ ತಿಳಿಸಿದರೆ ಸಾಕಾಗಿದ್ದ ಕಡೆ ಬಾಗಿಲನ್ನು ಐದಾರು ಸಲ ತಟ್ಟಿದಂತೆ ತೋರುತ್ತದೆ. ಬೀಳ್ಕೊಡುವವರು ಹೊಸ್ತಿಲಲ್ಲಿ ನಿಂತು ಮತ್ತೆ ಮತ್ತೆ ಕೈಮುಗಿಯುವುದನ್ನು ಕಂಡವರು ಇದನ್ನು ಕ್ಷಮಿಸಬಹುದು.

ಹಾಗಾದರೆ ಇದು ಚಿತ್ರಕಾವ್ಯವೋ ಅಲ್ಲವೋ? ಆನಂದವರ್ಧನನೇ ನಮಗೆ ಒಂದು ಅಳತೆಗೋಲನ್ನು ಕೊಟ್ಟಿರುವನು. ರಸದ ಸೆಳೆತಕ್ಕೆ ಸಿಕ್ಕಿ, ಅದಕ್ಕಾಗಿ ಬೇರೆ ಪ್ರಯತ್ನವೇ ಬೇಡವೆಂಬಂತೆ ತಾನಾಗಿ ಕೂಡಿಬರುವ ಅಲಂಕಾರವೇ ಅಲಂಕಾರವೆಂದು ಅವನ ಸಿದ್ಧಾಂತ. ಅಲಂಕಾರವನ್ನು ಅವನು ಹೊರದೂಡಲಿಲ್ಲ; ಹೊರಗಿನಿಂದ ಅಂಟಿಸಿದ ಅಲಂಕಾರವನ್ನು ಮಾತ್ರ ಹೊರದೂಡಿದನು. ಈ ಗೋಲಿನಿಂದ ಅಳೆದರೆ ಕೃತಿಯ ಎಲ್ಲ ಭಾಗಗಳೂ ಒಂದೇ ತೂಕಕ್ಕೆ ಬರುವುದಿಲ್ಲ. ಪೀಠಿಕೆಯಲ್ಲಿ ಪಿಯಾನೋದ ಸರಗಳನ್ನು ತೆಗೆದುಬಿಟ್ಟರೆ ಚೆಲ್ಲೋದ ಮಾತು ಅನಾಥವಾಗುತ್ತದೆ. ಅವು ಅಂಟಿಸಿದವಲ್ಲ, ಬೆಳೆದವು. ಪೊಲೊನೇಸಿನ ನಡುವಿನ ಕೆಲವು ಓಟಗಳನ್ನು ತೆಗೆದರೆ ಕೃತಿಗೆ ಏನೂ ಕೊರತೆಯಾಗುವುದಿಲ್ಲ. ಬೆರಳುಗಳಿಗೆ ಮಾತ್ರ ನಿರಾಸೆಯಾಗುತ್ತದೆ. ಒಂದೇ ಕಾವ್ಯದಲ್ಲಿ ಒಂದು ಪದ್ಯ ಉತ್ತಮವೂ ಪಕ್ಕದ್ದು ಅವರವೂ ಆಗಿರಬಹುದೆಂಬುದು ಪಾಠಶಾಲೆಯ ಬಾಲಕನಿಗೂ ತಿಳಿದ ಸಂಗತಿ. ಸಂಗೀತದ ವಿಮರ್ಶೆಯಲ್ಲಿ ಮಾತ್ರ ಇಡಿಯ ಕೃತಿಗೆ ಒಂದೇ ಚೀಟಿಯನ್ನು ಅಂಟಿಸುವ ಅಭ್ಯಾಸವೇಕೆ ಉಳಿದುಕೊಂಡಿದೆಯೋ ತಿಳಿಯದು.

ಇನ್ನೊಂದು ಅತಿರೇಕದ ವಿಷಯದಲ್ಲಿಯೂ ಎಚ್ಚರಿಕೆ ಅಗತ್ಯ. ಶೋಪ್ಯಾನನ ಪೊಲೊನೇಸ್ ಎಂಬ ಮಾತನ್ನು ಕೇಳಿದೊಡನೆಯೇ ಸ್ವದೇಶದ ದುರವಸ್ಥೆ, ಶೌರ್ಯ, ಶೋಕ ಇವುಗಳನ್ನು ಕಾಣತೊಡಗುವವರಿದ್ದಾರೆ. ಪೋಲೆಂಡ್ ದೇಶವನ್ನು ನೆರೆಯ ಮೂವರು ದೊರೆಗಳು 1772, 1793, 1795ರಲ್ಲಿ ಮೂರು ಸಲ ಹರಿದು ಹಂಚಿಕೊಂಡುದು ನಿಜ. 1830ರ ನವೆಂಬರ್ ತಿಂಗಳ ಮೊದಲಲ್ಲಿ ಶೋಪ್ಯಾನನು ವಾರ್ಸಾವನ್ನು ಬಿಟ್ಟನು. ಅದೇ ತಿಂಗಳ 29ರಂದು ಅಲ್ಲಿ ರಷ್ಯಾದ ಮೇಲೆ ಬಂಡಾಯವೆದ್ದಿತು. ಮರುವರ್ಷ ಸೆಪ್ಟೆಂಬರಿನಲ್ಲಿ ನಗರವು ಬಿದ್ದಿತು. ಅವನು ಮತ್ತೆ ತನ್ನ ನಾಡನ್ನು ಕಾಣಲಿಲ್ಲ. ಇದಾದ ಮೇಲೆ ಅವನು ಬರೆದ ಪೊಲೊನೇಸುಗಳಲ್ಲಿ, ವಿಶೇಷವಾಗಿ ನಾಲ್ವತ್ತನೆಯ, ನಾಲ್ವತ್ತನಾಲ್ಕನೆಯ, ಐವತ್ತಮೂರನೆಯ ಕೃತಿಗಳಲ್ಲಿ, ವೀರವೂ ಕರುಣವೂ ಕೂಡಿಕೊಂಡಿರುವುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಕಣ್ಣೀರನ್ನು ಹಿಂದಕ್ಕೆ ಹರಿಸಿ, 1829ರ ಶರತ್ಕಾಲದ ಈ ಹುಡುಗಾಟದ ಕೃತಿಯ ಮೇಲೆ ಚಿಮುಕಿಸುವುದು ನ್ಯಾಯವಲ್ಲ. ಇಲ್ಲಿ ಓಜಸ್ಸೆಂಬ ಗುಣವುಂಟು, ವೀರರಸವಿಲ್ಲ. ಮುಖ್ಯವಾಗಿರುವುದು ಪ್ರಸಾದ, ಒಣಗಿದ ಸೌದೆಗೆ ಬೆಂಕಿ ಹತ್ತಿದಂತೆ ಕೂಡಲೇ ಮನಸ್ಸನ್ನು ವ್ಯಾಪಿಸುವ ಗುಣ. ಸಂತೋಷವನ್ನು ಸಂತೋಷವೆಂದೇ ಒಪ್ಪಿಕೊಳ್ಳಲು ವಿಮರ್ಶಕರಿಗೆ ಏಕೋ ನಾಚಿಕೆ. ಅದರ ಕೆಳಗೊಂದು ದುಃಖವನ್ನು ಹುಗಿದಿಟ್ಟು ತೋರಿಸಿದರೆ ಕೃತಿಯ ಬೆಲೆ ಏರಿತೆಂದು ತಿಳಿಯುತ್ತಾರೆ.

ಈ ಕೃತಿಯ ವಿಷಯದಲ್ಲಿ ನಿಜವಾಗಿ ಹೆಚ್ಚು ಮಹತ್ತ್ವದ ವಿವಾದವು ಬೇರೆ. ಅದು ಪಾಠದ ವಿವಾದ. ಶೋಪ್ಯಾನನು ಬರೆದಂತೆ ನೋಡಿದರೆ ಕೃತಿಯ ಕಷ್ಟವೆಲ್ಲ ಪಿಯಾನೋದ ಪಾಲಿಗೆ ಬಂದಿದೆ. ಚೆಲ್ಲೋ ಬಹುಮಟ್ಟಿಗೆ ಹಾಡುತ್ತದೆ, ಒಮ್ಮೊಮ್ಮೆ ಪಕ್ಕಕ್ಕೆ ಸರಿದು ನಿಲ್ಲುತ್ತದೆ. ಕಚೇರಿಯಲ್ಲಿ ಹೆಸರು ಚೆಲ್ಲೋ ವಾದಕನದು, ಚಪ್ಪಾಳೆ ಮಾತ್ರ ಪಕ್ಕವಾದ್ಯದವನಿಗೆ ಎಂಬ ಪರಿಸ್ಥಿತಿಯು ಚೆಲ್ಲೋ ವಾದಕರಿಗೆ ರುಚಿಸದಿದ್ದುದು ಆಶ್ಚರ್ಯವಲ್ಲ. ಆದುದರಿಂದ ಕಾಲಕಾಲಕ್ಕೆ ಅವರಲ್ಲಿ ಹಲವರು ಈ ಕೃತಿಯನ್ನು ತಿದ್ದಿಕೊಂಡರು. ಅವರ ಪೈಕಿ ಪ್ರಖ್ಯಾತನಾದವನು ಎಮಾನುಯೆಲ್ ಫಾಯರ್‌ಮನ್. ಗಲೀಷಿಯಾ ಪ್ರಾಂತದಲ್ಲಿ 1902ರಲ್ಲಿ ಹುಟ್ಟಿ, ನಾಜಿಗಳ ದೆಸೆಯಿಂದ ಜರ್ಮನಿಯನ್ನು ಬಿಟ್ಟು, ಕಡೆಗೆ ಅಮೇರಿಕೆಯಲ್ಲಿ 1942ರಲ್ಲಿ ಇನ್ನೂ ನಾಲ್ವತ್ತು ತುಂಬುವ ಮೊದಲೇ ತೀರಿಕೊಂಡ ಈ ಮಹಾವಾದಕನು, ಪಿಯಾನೋದ ಓಟಗಳಲ್ಲಿ ಹಲವನ್ನು ಚೆಲ್ಲೋಗೆ ವರ್ಗಾಯಿಸಿ ಕೃತಿಯನ್ನು ತನ್ನ ವಾದ್ಯದ ವಿಜಯೋತ್ಸವವನ್ನಾಗಿ ಮಾಡಿದನು. ಅವನ ತರುವಾಯ ಈ ತಿದ್ದಿದ ಪಾಠವನ್ನೇ, ಇಲ್ಲವೆ ಅದರ ಜಾಡಿನಲ್ಲಿ ತಾವು ಮಾಡಿಕೊಂಡ ಪಾಠವನ್ನೇ, ನುಡಿಸುವವರು ಬಹಳ ಮಂದಿ.

ಹಸ್ತಪ್ರತಿಗಳೊಡನೆ ಸ್ವಲ್ಪ ಒಡನಾಟವಿದ್ದವರಿಗೆ ಈ ಸನ್ನಿವೇಶವು ಹೊಸದಲ್ಲ. ಲಿಪಿಕಾರನು ತನಗೆ ರುಚಿಸಿದಂತೆ ತಿದ್ದುತ್ತಾನೆ; ಓದುವವರಿಗೆ ತಿದ್ದಿದ ಪಾಠವೇ ಸುಭಗವಾಗಿ ಕಾಣುತ್ತದೆ; ಕಾಲಕ್ರಮದಲ್ಲಿ ಪ್ರಕ್ಷಿಪ್ತವು ಮೂಲವನ್ನು ಹಿತ್ತಲಿಗೆ ದೂಡುತ್ತದೆ. ಪಾಠಪರಿಷ್ಕರಣದಲ್ಲಿ ಹಿರಿಯರು ಇಟ್ಟುಕೊಂಡಿರುವ ಒಂದು ನಿಯಮವೆಂದರೆ, ಎರಡು ಪಾಠಗಳಲ್ಲಿ ಹೆಚ್ಚು ಚಂದವಾದುದೇ ಮೂಲವೆಂದು ತಿಳಿಯಬಾರದು. ತಿದ್ದಿದವನು ಚಂದಕ್ಕಾಗಿಯೇ ತಿದ್ದಿರುತ್ತಾನೆ. ಆದರೆ ಸಂಗೀತದಲ್ಲಿ ಫಾಯರ್‌ಮನ್‌ನ ಪರವಾಗಿಯೂ ಒಂದು ವಾದವುಂಟು, ಅದನ್ನು ಮುಚ್ಚಿಡತಕ್ಕುದಲ್ಲ. ಶೋಪ್ಯಾನನ ಯೌವನದಲ್ಲಿದ್ದ ಪಿಯಾನೋ ಈಗಿನದಲ್ಲ. ಅದರ ಚೌಕಟ್ಟು ಮರದ್ದು, ತಂತಿಗಳ ಬಿಗಿತ ಕಡಿಮೆ, ಸುತ್ತಿಗೆಗಳು ಹಗುರ. ಸ್ವರವು ತೆಳುವಾಗಿ, ಬೇಗನೆ ಆರಿಹೋಗುವಂಥದು. ಅಂಥ ವಾದ್ಯದ ಮೇಲೆ ನೂರು ಸ್ವರಗಳ ಸರವನ್ನು ಎಸೆದರೂ ಚೆಲ್ಲೋದ ದನಿಯು ಮುಳುಗುತ್ತಿರಲಿಲ್ಲ. ಈಗಿನ ಕಬ್ಬಿಣದ ಚೌಕಟ್ಟಿನ ದೊಡ್ಡ ಪಿಯಾನೋದ ಮೇಲೆ ಅದೇ ಸರವು ಮುತ್ತಾಗಿ ಬಾರದೆ ಗುಂಡಾಗಿ ಬರುತ್ತದೆ. ಮೂಲದ ಸಮತೂಕವು ವಾದ್ಯದ ಬದಲಾವಣೆಯಿಂದಲೇ ಕೆಟ್ಟಿರುವಾಗ, ಸ್ವರಗಳನ್ನು ಬದಲಾಯಿಸಿ ಆ ಸಮತೂಕವನ್ನು ಮರಳಿ ತರುವುದು ದ್ರೋಹವಲ್ಲ, ಜೀರ್ಣೋದ್ಧಾರವೆಂದು ಅವರು ಹೇಳಬಹುದು.

ಈ ವಾದಕ್ಕೆ ತೂಕವಿದೆ. ಆದರೂ ನಾವು ಮೂಲಪಾಠದ ಪಕ್ಷದವರೇ. ಇದಕ್ಕೆ ಕಾರಣವು ಕೇವಲ ಗ್ರಂಥಶುದ್ಧಿಯ ಹಟವಲ್ಲ. ಈ ಕೃತಿಯ ಅರ್ಥವಿರುವುದೇ ಕಷ್ಟವನ್ನು ಹೀಗೆ ಹಂಚಿದುದರಲ್ಲಿ. ಆ ಹಜಾರವನ್ನು ಮತ್ತೆ ನೆನೆಯಿರಿ. ಚೆಲ್ಲೋ ಹಿಡಿದು ಕುಳಿತಿರುವವನು ಅತಿಥಿಗೆ ಅನ್ನವಿಟ್ಟ ಮನೆಯ ಯಜಮಾನ. ವಯಸ್ಸಿನಲ್ಲಿ, ಪದವಿಯಲ್ಲಿ ಹಿರಿಯ. ಸಂಗೀತವನ್ನು ಬಲ್ಲವನು, ಆದರೆ ಅದರಿಂದ ಜೀವಿಸುವವನಲ್ಲ. ಅವನ ಬೆರಳುಗಳಿಗೆ ಎಟುಕದ ಓಟವನ್ನು ಬರೆದರೆ ಅವನದೇ ಮನೆಯಲ್ಲಿ, ಅವನದೇ ಮಗಳ ಮುಂದೆ ಅವನನ್ನು ಎಡವಿಸಿದಂತಾಗುವುದು. ಬಹಳ ಸುಲಭವಾಗಿ ಬರೆದರೋ, ನಿನಗೆ ಇಷ್ಟೇ ಸಾಧ್ಯವೆಂದು ಹೇಳಿದಂತಾಗುವುದು. ವಿದ್ಯೆಯನ್ನು ಬಲ್ಲವನಾದುದರಿಂದ ಅದು ಅವನಿಗೆ ತಿಳಿಯದೆ ಹೋಗುವುದಿಲ್ಲ. ಈ ಎರಡು ಕುಳಿಗಳ ನಡುವೆ ಶೋಪ್ಯಾನನು ದಾರಿಯನ್ನು ಕಂಡುಕೊಂಡನು. ವಸ್ತುವನ್ನು ಎತ್ತಿಕೊಳ್ಳುವ ಅಗ್ರಪೂಜೆಯನ್ನು ಚೆಲ್ಲೋಗೆ ಕೊಟ್ಟನು; ನೀಳವಾದ, ಗಂಭೀರವಾದ, ಹಿರಿಯನಿಗೆ ಒಪ್ಪುವ ಮಾತುಗಳನ್ನೇ ಅದರಿಂದ ಆಡಿಸಿದನು; ಬೆವರುವ ಕೆಲಸವನ್ನೆಲ್ಲ ಎಳೆಯ ಕೈಗಳಿಗೆ ವಹಿಸಿದನು. ಮೆರವಣಿಗೆಯಲ್ಲಿ ಪಲ್ಲಕ್ಕಿಯು ನಿಧಾನವಾಗಿ ಹೋಗುತ್ತದೆ, ಸುತ್ತ ಕುಣಿಯುವವರು ಕುಣಿಯುತ್ತಾರೆ. ಪಲ್ಲಕ್ಕಿಯೇ ಕುಣಿಯತೊಡಗಿದರೆ ಉತ್ಸವವಾಗುವುದಿಲ್ಲ. ಫಾಯರ್‌ಮನ್‌ನ ಪಾಠದಲ್ಲಿ ವಾದ್ಯಕೌಶಲವು ಅದ್ಭುತ, ಆದರೆ ಅಲ್ಲಿ ಹಿರಿಯನೂ ಇಲ್ಲ, ಕಿರಿಯನೂ ಇಲ್ಲ, ಇಬ್ಬರು ಜಟ್ಟಿಗಳಿದ್ದಾರೆ. ಮೂಲದಲ್ಲಿ ಬೆಡಗಿನ ಕೆಳಗೆ ಮರ್ಯಾದೆಯೆಂಬ ಒಂದು ವ್ಯಂಗ್ಯವಿತ್ತು. ಅದು ಹೋದಮೇಲೆ ಉಳಿಯುವುದು ನಿಜವಾಗಿಯೂ ಮಮ್ಮಟನು ಹೇಳಿದ ಚಿತ್ರವೇ. ಕೃತಿಯನ್ನು ಅವರಕಾವ್ಯವೆಂದು ಹಳಿಯುವವರು ಅನೇಕ ವೇಳೆ ಈ ತಿದ್ದಿದ ಪಾಠವನ್ನು ಕೇಳಿಯೇ ಹಳಿಯುತ್ತಿರುವರೆಂಬುದು ನಮ್ಮ ಸಂದೇಹ.

ಅಚ್ಚಾಗುವಾಗ ಕೃತಿಯು ಮೆರ್ಕನಂಥ ಪ್ರೌಢವಾದಕನಿಗೆ ಅರ್ಪಿತವಾಯಿತಲ್ಲ, ಹಾಗಿದ್ದರೆ ಚೆಲ್ಲೋದ ಭಾಗವನ್ನು ಆಗಲಾದರೂ ಕಷ್ಟಗೊಳಿಸಬಹುದಾಗಿತ್ತಲ್ಲ ಎಂದು ಯಾರಾದರೂ ಆಕ್ಷೇಪಿಸಬಹುದು. ಈ ಆಕ್ಷೇಪವು ನಮ್ಮ ವಾದಕ್ಕೆ ಅನುಕೂಲವೇ ಹೊರತು ಪ್ರತಿಕೂಲವಲ್ಲ. ಆಗಲೂ ಪೊಲೊನೇಸಿನಲ್ಲಿ ಚೆಲ್ಲೋದ ಗಾಂಭೀರ್ಯವನ್ನು ಅವನು ಹಾಗೆಯೇ ಉಳಿಸಿದನು. ವಿದ್ವಾಂಸರಿಗಾಗಿ ಸೇರಿಸಿದ ಪೀಠಿಕೆಯಲ್ಲಿಯೂ ಚೆಲ್ಲೋಗೆ ಕೊಟ್ಟುದು ಹಾಡನ್ನೇ, ಓಟವನ್ನಲ್ಲ. ಮನೆಯ ಯಜಮಾನನ ನಿಮಿತ್ತದಿಂದ ಹುಟ್ಟಿದ ಕ್ರಮವು ಅಷ್ಟರಲ್ಲಿ ವಾದ್ಯದ ಸ್ವಭಾವದ ತಿಳಿವಳಿಕೆಯಾಗಿ ಮಾರ್ಪಟ್ಟಿತ್ತು.

ಆ ತಿಳಿವಳಿಕೆಯು ಅವನ ಬಾಳಿನ ಕೊನೆಯವರೆಗೂ ಬಂದಿತು. ಪಿಯಾನೋವನ್ನು ಬಿಟ್ಟು ಬೇರೆ ವಾದ್ಯಕ್ಕೆ ಶೋಪ್ಯಾನನು ಬರೆದುದು ತೀರ ಸ್ವಲ್ಪ. ಆ ಸ್ವಲ್ಪದಲ್ಲಿಯೂ ಮತ್ತೆ ಮತ್ತೆ ಕಾಣುವುದು ಚೆಲ್ಲೋ. ಮೇಲೆ ಹೇಳಿದ ತ್ರಯ, ಈ ಮೂರನೆಯ ಕೃತಿ, ಪ್ಯಾರಿಸ್ಸಿಗೆ ಹೋದ ಹೊಸದರಲ್ಲಿ ಫ್ರಾನ್ಶೋಮ್ ಎಂಬ ಚೆಲ್ಲೋ ವಾದಕ ಮಿತ್ರನೊಡನೆ ಕೂಡಿ ರಚಿಸಿದ ಒಂದು ದ್ವಂದ್ವ, ಕಡೆಗೆ 1847ರಲ್ಲಿ ಅಚ್ಚಾದ ಅರವತ್ತೈದನೆಯ ಕೃತಿಯಾದ ಸೊನಾಟ. ಜೀವಿಸಿದ್ದಾಗ ಎಣಿಕೆಕೊಟ್ಟು ಅಚ್ಚಿಗೆ ಕಳುಹಿಸಿದ ಕೃತಿಗಳಲ್ಲಿ ಈ ಸೊನಾಟವೇ ಕಡೆಯದು. ಅದು ಫ್ರಾನ್ಶೋಮನಿಗೇ ಅರ್ಪಿತ. 1848ರ ಫೆಬ್ರವರಿ 16ರಂದು ನಡೆದ, ಪ್ಯಾರಿಸ್ಸಿನಲ್ಲಿ ತನ್ನ ಕಟ್ಟಕಡೆಯದಾದ ಕಚೇರಿಯಲ್ಲಿ ಆ ಸೊನಾಟದ ಕೊನೆಯ ಮೂರು ಭಾಗಗಳನ್ನು ಅವನು ಅದೇ ಮಿತ್ರನೊಡನೆ ನುಡಿಸಿದನು. ಮರುವರ್ಷ ಅಕ್ಟೋಬರಿನಲ್ಲಿ ಮೃತನಾದನು. ಸೊನಾಟದಲ್ಲಿ ಎರಡು ವಾದ್ಯಗಳೂ ಸಮಾನರು. ಒಬ್ಬರ ಮಾತನ್ನು ಇನ್ನೊಬ್ಬರು ಮುಂದುವರಿಸುವಷ್ಟು ಸಮಾನರು. ಅದು ಉತ್ತಮಕಾವ್ಯವೆಂಬುದರಲ್ಲಿ ನಮಗೆ ಸಂಶಯವಿಲ್ಲ. ನಿಧಾನವಾದ ಪೀಠಿಕೆಯ ಬೆನ್ನಿಗೆ ಬೆಡಗಿನ ಪೊಲೊನೇಸನ್ನು ಹೊಂದಿಸುವ ಕ್ರಮವನ್ನೂ ಅವನು ಮರೆಯಲಿಲ್ಲ. 1836ರಲ್ಲಿ ಅಚ್ಚಾದ ಇಪ್ಪತ್ತೆರಡನೆಯ ಕೃತಿಯಲ್ಲಿ ಅದೇ ಕಟ್ಟಡವು ದೊಡ್ಡದಾಗಿ ಎದ್ದುನಿಂತಿದೆ. ಅಲ್ಲಿಯೂ ಪೊಲೊನೇಸ್ ಮೊದಲು ಹುಟ್ಟಿ ಪೀಠಿಕೆಯು ಅನಂತರ ಬಂದಿತು. ಥಳಕೆಂದು ತಾನೇ ನಕ್ಕ ಕೃತಿಯಿಂದ ಅವನು ಪಡೆದ ಪಾಠವು ಇಷ್ಟು.

ಕೇಳುವ ಕುತೂಹಲವುಳ್ಳ ವಾಚಕರಿಗೆ ಒಂದು ಸೂಚನೆ. ರಷ್ಯಾದ ರೊಸ್ತ್ರೊಪೊವಿಚ್ ಮತ್ತು ಅರ್ಜೆಂಟೀನಾದ ಮಾರ್ತಾ ಆರ್ಗೆರಿಚ್ ಇವರು 1980ರಲ್ಲಿ ಈ ಕೃತಿಯನ್ನೂ ಮೇಲೆ ಹೇಳಿದ ಸೊನಾಟವನ್ನೂ ಜೊತೆಯಲ್ಲಿ ಧ್ವನಿಮುದ್ರಿಸಿರುವುದರಿಂದ, ಮೂರನೆಯದನ್ನೂ ಅರವತ್ತೈದನೆಯದನ್ನೂ ಒಂದೇ ಸಂಜೆಯಲ್ಲಿ ಕೇಳುವ ಅನುಕೂಲವುಂಟು. ಆ ಇಬ್ಬರ ಆವೇಶವು ನಮ್ಮ ಕಿವಿಗೆ ಈ ಕೃತಿಗೆ ಸ್ವಲ್ಪ ಹೆಚ್ಚೇ. ಶೋಪ್ಯಾನನ ಕಾಲದ ಮಾದರಿಯ ಹಗುರವಾದ ಪಿಯಾನೋದ ಮೇಲೆ ಮೂಲಪಾಠವನ್ನೇ ನುಡಿಸುವವರು ಈಚೆಗೆ ಕಾಣಿಸಿಕೊಂಡಿದ್ದಾರೆ. ಅಂಥದು ದೊರೆತರೆ ಅದನ್ನೇ ಮೊದಲು ಕೇಳಿ, ಫಾಯರ್‌ಮನ್‌ನ ಪಾಠವನ್ನು ಆಮೇಲೆ ಕೇಳು‌ವುದು ಲೇಸು. ಪೀಠಿಕೆಯಲ್ಲಿ ಚೆಲ್ಲೋ ಮಾತು ಮುಗಿಸಿ ಉಸಿರೆಳೆದುಕೊಳ್ಳುವ ಎಡೆಗಳಲ್ಲಿ ಪಿಯಾನೋ ಎಷ್ಟು ಮೆಲ್ಲನೆ ಒಳಬರುತ್ತದೆಯೆಂಬುದನ್ನು ಗಮನಿಸಬೇಕು. ವಾದಕನು ಈ ಕೃತಿಯನ್ನು ಅರ್ಥಮಾಡಿಕೊಂಡಿರುವನೋ ಇಲ್ಲವೋ ಎಂಬುದು ಪೊಲೊನೇಸ್ ಆರಂಭವಾಗುವ ಮುಂಚೆಯೇ ಅಲ್ಲಿ ತಿಳಿದುಹೋಗುತ್ತದೆ.